ಅಜ್ಜಿಯ ಪ್ರಾರ್ಥನೆಯಲ್ಲಿ ಧಣಿಗಳೂ ಇದ್ದರು

ಈ ಫೋಟೋದಲ್ಲಿ ತಲೆಗೆ ಸೆರಗು ಹೊದ್ದು ಕೂತವರು ನನ್ನ ಅಜ್ಜಿ. 1928ರಲ್ಲಿ ಹುಟ್ಟಿದವರು, 96 ವರ್ಷ ಬಾಳಿದರು. ಪಾದ್ರಿಗಳು ಜನರಿಗೆ ಬೆನ್ನು ಮಾಡಿ ಲ್ಯಾಟಿನ್‌ನಲ್ಲಿ ಪೂಜೆ ಹೇಳುತ್ತಿದ್ದ ಕಾಲದಲ್ಲಿ ಇವರು ಇಗರ್ಜಿಯ ಹಿಂದಿನ ಸಾಲಿನಲ್ಲಿ ಮೊಣಕಾಲೂರಿ ಜಪಮಾಲೆ ಮಣಿ ಎಣಿಸುತ್ತಿದ್ದರಂತೆ. ಕ್ಯಾಥೋಲಿಕ್ ಧರ್ಮಗುರುಗಳ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕೊಂಕಣಿಗೆ ಬಂತು. ಆಮೇಲೆ ಇಡೀ ಇಗರ್ಜಿಯಲ್ಲಿ ಎಲ್ಲರಿಗಿಂತ ದೊಡ್ಡ ಸ್ವರ ಇವರದೇ.

ಅಜ್ಜ ಬೇಗ ತೀರಿಕೊಂಡರು. ಕಾರ್ಕಳದ ಹತ್ತಿರ ಗೇಣಿ ಗದ್ದೆ, ಸಾಲಾಗಿ ಮಕ್ಕಳು, ವರ್ಷವರ್ಷ ಧಣಿಗಳ ಮನೆಗೆ ಅಳೆಯಬೇಕಾದ ಅಕ್ಕಿಮುಡಿ. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಕಾಯ್ದೆ ಜಾರಿಯಾದಾಗ ಉಳುವ ಗದ್ದೆ ತಮ್ಮ ಹೆಸರಿಗಾಗಲಿ ಎಂದು ಅಜ್ಜಿ ಡಿಕ್ಲರೇಷನ್ ಅರ್ಜಿ ಹಾಕಿದರು. ಧಣಿಗಳು ತಕರಾರು ತೆಗೆದರು. ಭೂನ್ಯಾಯ ಮಂಡಳಿಯ ಮುಂದೆ ಗಂಡಸರ ನಡುವೆ ಒಬ್ಬರೇ ಹೆಂಗಸು, ಸೆರಗಿನಡಿ ಜಪಮಾಲೆ. 'ಉಳುತ್ತಿದ್ದದ್ದು ಇವರೇ, ನಾನು ಕಣ್ಣಾರೆ ಕಂಡಿದ್ದೇನೆ' ಎಂದು ಸಾಕ್ಷಿ ಹೇಳಿದವರು ಪಕ್ಕದ ಮನೆಯ ಬಿಲ್ಲವ ಹಿರಿಯರು. ಗದ್ದೆ ಅಜ್ಜಿಯ ಹೆಸರಿಗಾಯಿತು.

ಆ ಉಪಕಾರವನ್ನು ಅಜ್ಜಿ ಬಾಯಲ್ಲಿ ಹೇಳಿದ್ದು ನನಗೆ ಗೊತ್ತಿಲ್ಲ. ಆದರೆ ಪ್ರತಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಫೆಸ್ತ್ ದಿನ, ನಮ್ಮ ಮನೆಯಲ್ಲಿ ಯಾರೂ ಬಾಳೆಎಲೆಯ ಮುಂದೆ ಕೂರುವ ಮೊದಲೇ ಆ ಮನೆಗೆ ಊಟ ಹೋಗಬೇಕು. ಮೀನಿಲ್ಲ, ಮಾಂಸವಿಲ್ಲ. ಹರಿವೆ, ಬೆಂಡೆ, ಹೀರೆ, ಅಲಸಂಡೆ, ಕೆಸುವಿನ ದಂಟಿಗೆ ಅಂಬಟೆಕಾಯಿ... ಬಗೆಗಳ ಲೆಕ್ಕ ಬೆಸವೇ ಆಗಬೇಕು, ಐದು, ಏಳು ಅಥವಾ ಒಂಬತ್ತು.

ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯಿಂದ ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರಿಗೂ ಕುಡಿಸುವುದು ನಮ್ಮಲ್ಲಿ ಕ್ರಮ. ದೂರ ಇರುವ ಮಕ್ಕಳಿಗೂ ಪಾಲು ತಪ್ಪಬಾರದಲ್ಲ! ಮೊದಲು ಬೊಂಬಾಯಿಗೆ, ಆಮೇಲೆ ಕುವೈತಿಗೆ, ಲಕೋಟೆಯೊಳಗೆ ಕಾಗದದ ಜೊತೆ ನಾಲ್ಕು ಕಾಳು. ದೊಡ್ಡಪ್ಪ ಅದನ್ನು ಡಬ್ಬಿ ಹಾಲಿಗೆ ಹಾಕಿ ರೂಮಿನವರಿಗೆಲ್ಲ ಹಂಚುತ್ತಿದ್ದರಂತೆ.

ಆದರೆ ನನಗೆ ಅಜ್ಜಿ ಎಂದರೆ ಸಂಜೆಯ ತೇರ್ಸ್, ಮನೆಯಲ್ಲಿ ಎಲ್ಲರೂ ಸೇರಿ ಹೇಳುವ ಜಪಮಾಲೆ ಪ್ರಾರ್ಥನೆ. ದೀಪ ಹಚ್ಚಿದ ಮೇಲೆ ಪಕ್ಕದೂರಿನ ಬಂಧುಗಳು ಬಂದಿದ್ದರೂ ಸರಿ, ನೆಲದ ಮೇಲೆ ಮೊಣಕಾಲೂರಲೇಬೇಕು. ಮರಿಯಳಿಗೆ ನಮಿಸುವ 'ನಮಾನ್ ಮರಿಯೆ' ಜಪ ಐವತ್ತು ಸಲ ಮುಗಿದು, ಲದಿನ್ ಎಂಬ ಸ್ತುತಿಮಾಲೆ ಆದ ಮೇಲೆ ಸತ್ತವರ ಪಟ್ಟಿ ಶುರು. ಅಜ್ಜ, ಹಸುಗೂಸಾಗಿ ತೀರಿಹೋದ ಒಬ್ಬ ಮಗಳು, ಸಾಕ್ಷಿ ಹೇಳಿದ ಆ ಹಿರಿಯರು. ಅವರ ಹಿಂದೆಯೇ, ತಕರಾರು ತೆಗೆದ ಧಣಿಗಳು.

ಒಮ್ಮೆ ತಡೆಯದೆ ಕೇಳಿದೆ, 'ಅವರಿಗ್ಯಾಕಜ್ಜಿ ನಮ್ಮ ಪ್ರಾರ್ಥನೆ?'

'ಅವರ ಗದ್ದೆಯ ಅನ್ನ ಉಂಡೇ ನಿನ್ನಪ್ಪ ಬೆಳೆದದ್ದು ಮಗಾ. ಸುಮ್ಮನೆ ಹೇಳು, ನಮಾನ್ ಮರಿಯೆ...'

ಭಕ್ತಿ ಅಂದಾಗಲೆಲ್ಲ ನನಗೆ ನೆನಪಾಗುವುದು ಅವರು ಹೋದ ಅತ್ತೂರು ಇಗರ್ಜಿಯ ಜಾತ್ರೆಗಳಲ್ಲ, ಹಿಡಿದ ಉಪವಾಸಗಳೂ ಅಲ್ಲ, ಇದೇ. ತಮ್ಮನ್ನು ಅಷ್ಟು ನೋಯಿಸಿದವರ ಹೆಸರನ್ನು ದಿನಾ ಸಂಜೆ ದೇವರ ಮುಂದೆ ಇಡುವುದು ಸಣ್ಣ ಮಾತಲ್ಲ. ಪ್ರಾರ್ಥನೆ ಮುಗಿದ ಮೇಲೆ ನಾವು ಮಕ್ಕಳು ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಿದ್ದೆವು. ಗದ್ದೆ ಕೆಲಸದಿಂದ ಒರಟಾದ ಆ ಬೆರಳು ಹಣೆಯ ಮೇಲೆ ಶಿಲುಬೆ ಬರೆಯುತ್ತಿತ್ತು.

ಈಗ ತೇರ್ಸ್ ಮುಂದಾಳು ಅಪ್ಪ. ಕುವೈತಿನವರು, ಕೆನಡಾದವರು ಮೊಬೈಲಿನಲ್ಲಿ ಸೇರಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಧಣಿಗಳ ನಂತರ ಅಜ್ಜಿಯ ಹೆಸರು ಬರುತ್ತದೆ. ಪಕ್ಕದ ಮನೆಗೆ ಹಬ್ಬದೂಟ ಕೊಂಡುಹೋಗುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.