ಎಳೆ ಹರಿದರೆ ಮಗ್ಗ ನಿಲ್ಲಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಟೊಯೋಟಾ ಕಂಪನಿಯ ಚರಿತ್ರೆಯ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ಯಾವ ಕಾರು ಕೊಳ್ಳಬೇಕು, ಯಾವುದು ಎಷ್ಟು ಮೈಲೇಜ್ ಕೊಡುತ್ತದೆ ಎಂಬ ಮಾತನ್ನು ನಾನು ಎತ್ತುವುದಿಲ್ಲ. ಅದನ್ನು ಷೋರೂಮಿನವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಪ್ರೊಡಕ್ಷನ್ ಇಂಜಿನಿಯರಿಂಗ್ ಪಾಠ ಹೇಳಿಕೊಂಡು ಬಂದವನು. ನನ್ನ ಮಾತು ಲೇತ್ ಮುಂದೆ ನಿಂತು ಕೆಲಸ ಮಾಡುವವರಿಗೆ, ಐಟಿಐ ಓದುತ್ತಿರುವ ಮಕ್ಕಳಿಗೆ, ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಾಲ್ಕು ಮಷೀನು ಹಾಕಿಕೊಂಡು ಶೆಡ್ ನಡೆಸುತ್ತಿರುವ ಮಾಲೀಕರಿಗೆ.

ಯಾವ ಟ್ಯಾಕ್ಸಿ ಡ್ರೈವರನ್ನಾದರೂ ಕೇಳಿ ನೋಡಿ. ‘ಇನೋವಾ ಬಿಡಿ ಸಾರ್, ಎಷ್ಟು ಲಕ್ಷ ಕಿಲೋಮೀಟರ್ ಓಡಿಸಿದರೂ ಇಂಜಿನ್‌ಗೆ ಕೈ ಹಚ್ಚೋ ಹಾಗಿಲ್ಲ’ ಎನ್ನುತ್ತಾರೆ. ಈ ಹೆಸರು ಬಂದದ್ದು ಹೇಗೆ? ಜಪಾನಿನವರು ಶಿಸ್ತಿನ ಜನ ಎಂದು ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ನನಗೆ ಆ ಉತ್ತರ ಕೇಳಿ ಕೇಳಿ ಸಾಕಾಗಿದೆ. ಶಿಸ್ತಿನ ಜನ ಎಲ್ಲ ದೇಶದಲ್ಲೂ ಇದ್ದಾರೆ. ಟೊಯೋಟಾದ ಗುಟ್ಟು ಒಂದೇ. ತಪ್ಪು ಕಂಡ ಕೂಡಲೇ ಕೆಲಸ ನಿಲ್ಲಿಸಬೇಕು. ನಿಲ್ಲಿಸಿದವನನ್ನು ಯಾರೂ ಬೈಯಬಾರದು. ಇವತ್ತು ನಾನು ಹೇಳುವುದೆಲ್ಲ ಇದಿಷ್ಟೇ. ಇನ್ನೂ ಹತ್ತು ಸಲ ಹೇಳುತ್ತೇನೆ, ದಯವಿಟ್ಟು ಕೇಳಿಸಿಕೊಳ್ಳಿ.

ಈ ಕಾರಿನ ಕಥೆ ಶುರುವಾಗುವುದು ಮಗ್ಗದಿಂದ. ಸಕಿಚಿ ಟೊಯೋಡಾ ಹುಟ್ಟಿದ್ದು 1867ರಲ್ಲಿ, ಈಗಿನ ಶಿಜುಓಕಾ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಬಡಗಿ. ತಾಯಿ ಮಗ್ಗದ ಮುಂದೆ ಕೂತು ಪಡುವ ಕಷ್ಟ ನೋಡುತ್ತಾ ಬೆಳೆದ ಮಗ ಮೊದಲು ಮರದ ಕೈಮಗ್ಗವನ್ನೇ ಸುಧಾರಿಸಿ 1891ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಪವರ್‌ಲೂಮಿಗೆ ಕೈ ಹಾಕಿದರು. ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿ ಕಡೆಯಿಂದ ಕೇಳುತ್ತಿರುವ ನೇಕಾರ ಬಂಧುಗಳಿಗೆ ಮುಂದಿನದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹಾಸಿನ ಒಂದೇ ಒಂದು ಎಳೆ ಹರಿದು, ಅದು ಯಾರ ಕಣ್ಣಿಗೂ ಬೀಳದೆ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ. ಅದಕ್ಕೇ ಮಗ್ಗದ ಪಕ್ಕ ಒಬ್ಬರು ಕಣ್ಣಿಟ್ಟು ಕಾಯುತ್ತಾ ನಿಲ್ಲಬೇಕು.

ಸಕಿಚಿಯವರು ಮಗ್ಗಕ್ಕೇ ಆ ಕಣ್ಣು ಕೊಟ್ಟರು. ಉಪಾಯ ಬಹಳ ಸರಳ. ಹಾಸಿನ ಪ್ರತಿ ಎಳೆಗೂ ಒಂದೊಂದು ತೆಳುವಾದ ಲೋಹದ ಪಟ್ಟಿ ತೂಗುಬಿದ್ದಿರುತ್ತದೆ. ಎಳೆ ಬಿಗಿಯಾಗಿರುವಷ್ಟು ಹೊತ್ತು ಪಟ್ಟಿ ಮೇಲೆಯೇ ಇರುತ್ತದೆ. ಎಳೆ ಹರಿಯಿತೋ, ಪಟ್ಟಿ ಕೆಳಗೆ ಬೀಳುತ್ತದೆ. ಕೆಳಗೆ ಅತ್ತಿತ್ತ ಆಡುತ್ತಿರುವ ಸರಳಿಗೆ ಅದು ಅಡ್ಡ ಸಿಕ್ಕಿಕೊಳ್ಳುತ್ತದೆ. ಮಗ್ಗ ನಿಂತುಬಿಡುತ್ತದೆ. ಕೆಟ್ಟ ಬಟ್ಟೆ ಒಂದು ಅಂಗುಲವೂ ಮುಂದಕ್ಕೆ ಹೋಗುವುದಿಲ್ಲ. 1924ರಲ್ಲಿ ಬಂದ ಅವರ ಜಿ ಮಾದರಿಯ ಮಗ್ಗದಲ್ಲಿ, ನೂಲು ಮುಗಿಯುತ್ತಾ ಬಂದ ಲಾಳಿಯನ್ನು ಮಗ್ಗ ಓಡುತ್ತಿರುವಾಗಲೇ ಬದಲಾಯಿಸುವ ಏರ್ಪಾಡೂ ಸೇರಿಕೊಂಡಿತು. ಆಗ ಒಬ್ಬ ಕೆಲಸದ ಹುಡುಗಿ 30ಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳುವಂತಾಯಿತು, ಏಕೆಂದರೆ ಕಾಯುವ ಕೆಲಸವೇ ಇರಲಿಲ್ಲ. ಮಗ್ಗ ನಿಂತಾಗ ಹೋಗಿ ನೋಡಿದರೆ ಸಾಕು.

1929ರಲ್ಲಿ ಇಂಗ್ಲೆಂಡಿನ ಓಲ್ಡಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕಿಗೆ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಓಲ್ಡಮ್ ಆಗ ಲಂಕಾಶೈರಿಗೆ ಸೇರಿತ್ತು. ಸೀಮೆ ಬಟ್ಟೆ ಕಳಿಸಿ ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದ ಮಿಲ್ಲುಗಳ ಸೀಮೆ ಅದು. ಅಲ್ಲಿಯವರೇ ಏಷ್ಯಾದ ಒಬ್ಬ ಬಡಗಿಯ ಮಗನ ಮುಂದೆ ಹಣ ಹಿಡಿದು ನಿಂತರು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಒಪ್ಪಂದಕ್ಕೆ ಹೋಗಿದ್ದವರು ಸಕಿಚಿಯವರ ಮಗ ಕಿಚಿರೋ.

ಕಿಚಿರೋ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹುಚ್ಚು ಕಾರಿನದು. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಕಾರಿನ ವಿಭಾಗ ತೆರೆದರು. 1935ರಲ್ಲಿ ಮೊದಲ ಲಾರಿ ಹೊರಬಂತು. ಅದನ್ನು ಜನರಿಗೆ ತೋರಿಸಲು ಟೋಕಿಯೋಗೆ ತರುವಾಗ ದಾರಿಯಲ್ಲೇ ಕೆಟ್ಟು ನಿಂತಿತು. ಮಾರಿದ ಲಾರಿಗಳೂ ಪದೇಪದೇ ಕೆಡುತ್ತಿದ್ದವು. ಕಂಪನಿಯವರು ಲಾರಿ ನಿಂತಲ್ಲಿಗೇ ಹೋಗಿ, ಕೆಳಗೆ ತೂರಿ ರಿಪೇರಿ ಮಾಡಿ, ಏನು ಮುರಿಯಿತು, ಯಾಕೆ ಮುರಿಯಿತು ಎಂದು ಬರೆದುಕೊಂಡು ಬರುತ್ತಿದ್ದರು. ಈಗ ಹೆಸರುವಾಸಿಯಾದ ಟೊಯೋಟಾ ಗುಣಮಟ್ಟದ ಮೊದಲ ಪಾಠಶಾಲೆ ಆ ರಸ್ತೆಬದಿಯೇ. 1937ರಲ್ಲಿ ಕಾರಿನದೇ ಬೇರೆ ಕಂಪನಿಯಾಯಿತು. ಮನೆತನದ ಹೆಸರು ಟೊಯೋಡಾ, ಕಂಪನಿಯ ಹೆಸರು ಟೊಯೋಟಾ.

ಯುದ್ಧ ಮುಗಿದ ಮೇಲೆ ಕಂಪನಿ ಮುಳುಗುವ ಹಂತಕ್ಕೆ ಬಂತು. 1950ರಲ್ಲಿ ದೊಡ್ಡ ಮುಷ್ಕರ, ಸಾವಿರಾರು ಜನ ಕೆಲಸ ಬಿಡಬೇಕಾಯಿತು. ಹೊಣೆ ಹೊತ್ತು ಕಿಚಿರೋ ಅವರೇ ರಾಜೀನಾಮೆ ಕೊಟ್ಟು ಹೊರನಡೆದರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಲಾರಿಗಳಿಗೆ ಆರ್ಡರ್ ಬಂತು, ಕಂಪನಿ ಬದುಕಿತು. ಕಿಚಿರೋ 1952ರಲ್ಲಿ ತೀರಿಕೊಂಡರು.

ಈಗ ತೈಚಿ ಓನೋ ಎಂಬವರ ಹೆಸರು ನೆನಪಿಟ್ಟುಕೊಳ್ಳಿ. ಇವರು ಟೊಯೋಡಾದವರ ಬಟ್ಟೆ ಮಿಲ್ಲಿನಿಂದ 1943ರಲ್ಲಿ ಕಾರಿನ ಕಾರ್ಖಾನೆಗೆ ಬಂದರು. ಬಂದವರು ನೋಡಿದ್ದೇನು? ಮಿಲ್ಲಿನಲ್ಲಿ ಒಬ್ಬ ಹುಡುಗಿ ಸಾಲು ಸಾಲು ಮಗ್ಗ ನೋಡಿಕೊಳ್ಳುತ್ತಿದ್ದಳು. ಇಲ್ಲಿ ಒಂದೊಂದು ಮಷೀನಿನ ಮುಂದೆ ಒಬ್ಬೊಬ್ಬ ಗಂಡಾಳು ಸುಮ್ಮನೆ ಕಾಯುತ್ತಾ ನಿಂತಿದ್ದ. ಮಗ್ಗಕ್ಕೆ ಇರುವ ಬುದ್ಧಿ ಇಲ್ಲಿನ ಮಷೀನುಗಳಿಗೆ ಯಾಕಿಲ್ಲ ಎಂದು ಓನೋ ಕೇಳಿದರು. ಕೆಲಸ ಕೆಟ್ಟರೆ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಮಷೀನುಗಳಿಗೆ ತಂದರು. ಆಮೇಲೆ ಅದೇ ಅಧಿಕಾರವನ್ನು ಜೋಡಣೆಯ ಲೈನಿನಲ್ಲಿರುವ ಮನುಷ್ಯರಿಗೂ ಕೊಟ್ಟರು. ನಿಮ್ಮಲ್ಲಿ ಓದಿಕೊಂಡವರು ಯಾವ ಮಾಲು ಎಷ್ಟು ಬೇಕೆಂದು ತಿಳಿಸುವ ಕಾನ್‌ಬಾನ್ ಚೀಟಿ, ಬೇಕಾದಾಗ ಬೇಕಾದಷ್ಟೇ ಮಾಲು ತರಿಸುವ ಪದ್ಧತಿ ಎಂದೆಲ್ಲ ಕೇಳಿರುತ್ತೀರಿ. ಅವೆಲ್ಲ ಆಮೇಲಿನ ಮಾತು. ತಪ್ಪು ಕಂಡಾಗ ನಿಲ್ಲಿಸಲು ಬಾರದವನು ಚೀಟಿ ಅಂಟಿಸಿ ಏನು ಮಾಡುತ್ತಾನೆ?

‘ಲೈನ್ ನಿಲ್ಲಿಸಿದರೆ ನಷ್ಟ ಅಲ್ಲವಾ ಸಾರ್?’ ತರಗತಿಯಲ್ಲಿ ಈ ಪ್ರಶ್ನೆ ಬಾರದೇ ಇರುವುದಿಲ್ಲ. ಸೀಟಿನ ಕೆಳಗಿನ ಒಂದು ಬೋಲ್ಟ್ ಬಿಗಿಯಾಗಲಿಲ್ಲ ಎಂದುಕೊಳ್ಳಿ. ಅಲ್ಲೇ ಸರಿಮಾಡಿದರೆ ಕೆಲವೇ ಸೆಕೆಂಡು. ಕಾರು ಪೂರ್ತಿಯಾಗಿ ಅಂಗಳಕ್ಕೆ ಹೋದ ಮೇಲಾದರೆ ಸೀಟು ಕಳಚಬೇಕು, ಕಾರ್ಪೆಟ್ ಎತ್ತಬೇಕು, ಅರ್ಧ ದಿನ. ಗಿರಾಕಿಯ ಮನೆಗೆ ಹೋದ ಮೇಲಾದರೆ ಅದರ ಬೆಲೆ ಒಂದು ಜೀವವೂ ಆಗಬಹುದು. ಲೆಕ್ಕ ನೀವೇ ಹಾಕಿ.

ಈಗ ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಇದನ್ನು ಅವಸರದಲ್ಲಿ ಹೇಳಲು ನನ್ನಿಂದಾಗುವುದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಎಂಬ ಊರು. ಅಲ್ಲಿ ಜನರಲ್ ಮೋಟಾರ್ಸ್ ಎಂಬ ಅಮೆರಿಕದ ಕಾರು ಕಂಪನಿಯ ಕಾರ್ಖಾನೆ ಇತ್ತು. ಆಡಳಿತಕ್ಕೂ ಯೂನಿಯನ್‌ಗೂ ಎಣ್ಣೆ ಸೀಗೆಕಾಯಿ. ದಿನವೂ ಐವರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಕೆಲಸದ ಹೊತ್ತಿನಲ್ಲೇ ಕುಡಿಯುತ್ತಿದ್ದರು. ಆ ಕಾರ್ಖಾನೆಯಲ್ಲಿ ಒಂದು ನಿಯಮ ಮಾತ್ರ ಯಾರೂ ಮುರಿಯುವಂತಿರಲಿಲ್ಲ. ಲೈನ್ ನಿಲ್ಲಬಾರದು. ಏನೇ ಆಗಲಿ, ನಿಲ್ಲಬಾರದು. ಯಾವ ಭಾಗ ಬಿಟ್ಟುಹೋದರೂ, ಯಾವುದು ಸೊಟ್ಟಗೆ ಕೂತರೂ ಕಾರು ಮುಂದೆ ಹೋಗುತ್ತಲೇ ಇರಬೇಕು. ಕೊನೆಗೆ ಅಂಗಳದಲ್ಲಿ ಸಾಲುಗಟ್ಟಿ ನಿಂತ ಕಾರುಗಳನ್ನು ಬಿಚ್ಚಿ ಸರಿಮಾಡಲು ಬೇರೆ ತಂಡ. ಹೀಗೆ ಎಷ್ಟು ದಿನ ನಡೆದೀತು? 1982ರಲ್ಲಿ ಬೀಗ ಬಿತ್ತು.

ಸಣ್ಣ ಕಾರನ್ನು ಲಾಭದಲ್ಲಿ ಮಾಡುವುದು ಹೇಗೆ ಎಂದು ಜನರಲ್ ಮೋಟಾರ್ಸ್‌ಗೆ ಕಲಿಯಬೇಕಿತ್ತು. ಅಮೆರಿಕದ ಕೆಲಸಗಾರರ ಜೊತೆ ತಮ್ಮ ಪದ್ಧತಿ ನಡೆಯುತ್ತದೆಯೇ ಎಂದು ಟೊಯೋಟಾಗೆ ನೋಡಬೇಕಿತ್ತು. ಇಬ್ಬರೂ ಸೇರಿ ಅದೇ ಫ್ರೀಮಾಂಟ್ ಕಾರ್ಖಾನೆಯನ್ನು 1984ರಲ್ಲಿ ಮತ್ತೆ ತೆರೆದರು. ನಡೆಸುವ ಹೊಣೆ ಟೊಯೋಟಾದ್ದು. ಕೆಲಸಕ್ಕೆ ಯಾರನ್ನು ತೆಗೆದುಕೊಂಡರು ಗೊತ್ತೇ? ಹಳಬರನ್ನೇ. ಅದೇ ಯೂನಿಯನ್, ಬಹುಪಾಲು ಅದೇ ಜನ. ಅವರಲ್ಲಿ ತಂಡ ನಡೆಸಬೇಕಾದವರನ್ನು ಜಪಾನಿನ ಟೊಯೋಟಾ ನಗರಕ್ಕೆ ಕಳಿಸಿದರು. ಅಲ್ಲಿ ಜಪಾನಿ ಕೆಲಸಗಾರರ ಪಕ್ಕದಲ್ಲೇ ನಿಂತು ಕೆಲಸ ಮಾಡಬೇಕು.

ಅಲ್ಲಿ ಅವರು ಕಂಡದ್ದು ಲೈನಿನ ಉದ್ದಕ್ಕೂ, ಕೈಗೆ ಎಟಕುವ ಎತ್ತರದಲ್ಲಿ ಓಡುವ ಒಂದು ಹಗ್ಗ. ಕೆಲಸಗಾರನಿಗೆ ಏನಾದರೂ ತೊಡಕು ಕಂಡರೆ ಹಗ್ಗ ಎಳೆಯುತ್ತಾನೆ. ಸಂಗೀತ ಕೇಳಿಸುತ್ತದೆ, ಮೇಲಿನ ಬೋರ್ಡಿನಲ್ಲಿ ಅವನ ಜಾಗದ ಸಂಖ್ಯೆಗೆ ದೀಪ ಹತ್ತುತ್ತದೆ. ಟೀಮ್ ಲೀಡರ್ ಕೂಡಲೇ ಬರುತ್ತಾನೆ. ಕಾರು ಆ ಜಾಗದ ಗೆರೆ ದಾಟುವುದರೊಳಗೆ ತೊಡಕು ಬಿಡಿಸಿದರೆ ಮತ್ತೆ ಹಗ್ಗ ಎಳೆದು ದೀಪ ಆರಿಸುತ್ತಾರೆ. ಇಲ್ಲವಾದರೆ ಇಡೀ ಲೈನ್ ನಿಲ್ಲುತ್ತದೆ. ಇಷ್ಟಾದರೂ ಯಾರೂ ಕಿರುಚುವುದಿಲ್ಲ. ‘ಯಾರು ಎಳೆದದ್ದು?’ ಎಂದು ಜಬರಿಸುವುದಿಲ್ಲ. ‘ಏನು ತೊಂದರೆಯಾಯಿತು, ಏನು ಸಹಾಯ ಬೇಕು?’ ಎಂದು ಕೇಳುತ್ತಾರೆ. ವರ್ಷಗಟ್ಟಲೆ ಕೆಟ್ಟ ಕೆಲಸ ಕಣ್ಣೆದುರೇ ಹೋಗುವುದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರಬೇಕಾಗಿದ್ದ ಜನರಿಗೆ ಇದೆಂಥ ಅನುಭವ, ಸ್ವಲ್ಪ ಯೋಚಿಸಿ.

ಊರಿಗೆ ಮರಳಿ ಅದೇ ಹಗ್ಗವನ್ನು ಫ್ರೀಮಾಂಟಿನಲ್ಲೂ ಕಟ್ಟಿದರು. ಎರಡು ಮೂರು ವರ್ಷದೊಳಗೆ ಅಲ್ಲಿಯ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗೆ ಹೆಗಲೆಣೆಯಾಗಿ ನಿಂತಿತು. ಗೈರುಹಾಜರಿ ತೀರಾ ಇಳಿಯಿತು. ಗೋಡೆ ಅದೇ, ಯೂನಿಯನ್ ಅದೇ, ಜನ ಅವರೇ. ಬದಲಾದದ್ದು ಇಷ್ಟು: ನಿಲ್ಲಿಸುವ ಅಧಿಕಾರ ಕೆಲಸಗಾರನ ಕೈಗೆ ಬಂತು, ನಿಲ್ಲಿಸಿದವನಿಗೆ ಬೈಗುಳ ತಪ್ಪಿತು. ಕೆಲಸಗಾರರೇ ಸರಿಯಿಲ್ಲ ಎಂದು ಬೆಳಗಿನಿಂದ ಸಂಜೆಯವರೆಗೆ ದೂರುವ ಮಾಲೀಕರು ಈ ಕಥೆಯನ್ನು ಇನ್ನೊಂದು ಸಲ ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಕಳಕಳಿಯ ವಿನಂತಿ.

ಜನರಲ್ ಮೋಟಾರ್ಸ್‌ನವರು ಆ ಹಗ್ಗವನ್ನು ತಮ್ಮ ಬೇರೆ ಕಾರ್ಖಾನೆಗಳಿಗೂ ತಂದರು. ಎಳೆದವನನ್ನು ಬೈಯುವ ಮ್ಯಾನೇಜರ್ ಇರುವಲ್ಲಿ ಯಾರು ಎಳೆಯುತ್ತಾರೆ? ನಮ್ಮಲ್ಲೇ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಮಷೀನಿನ ಕೆಂಪು ಸ್ಟಾಪ್ ಗುಂಡಿಗೆ ಇನ್ಸುಲೇಷನ್ ಟೇಪ್ ಸುತ್ತಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಡುಗರು ಸುಮ್ಮಸುಮ್ಮನೆ ಒತ್ತುತ್ತಾರೆ ಎಂದು ಸೂಪರ್‌ವೈಸರ್ ಸಮಜಾಯಿಷಿ ಕೊಟ್ಟರು. ನನ್ನ ಕೋಪವನ್ನು ಇಲ್ಲಿ ಹೇಳುವುದಿಲ್ಲ. ಆ ಟೇಪನ್ನು ಮಾತ್ರ ನಾನೇ ಬಿಚ್ಚಿದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾರಾಟದಲ್ಲೂ ಇವರು ನಿಲ್ಲಿಸಲು ಹಿಂಜರಿದವರಲ್ಲ. 1957ರಲ್ಲಿ ಅಮೆರಿಕಕ್ಕೆ ಕ್ರೌನ್ ಕಾರು ಕಳಿಸಿದರು. ಅಲ್ಲಿಯ ಹೆದ್ದಾರಿಯ ವೇಗಕ್ಕೆ ಇಂಜಿನ್ ಕಾಯ್ದು ಉಸಿರುಬಿಟ್ಟಿತು. 1960ರಲ್ಲಿ ರಫ್ತು ನಿಲ್ಲಿಸಿ, ಹೊಸ ಕೊರೋನಾ ಕಾರಿನೊಂದಿಗೆ 1965ರಲ್ಲಿ ಮತ್ತೆ ಹೋದರು, ಗೆದ್ದರು. 1966ರಲ್ಲಿ ಬಂದ ಕೊರೊಲಾ ಇದುವರೆಗೆ 5 ಕೋಟಿಗೂ ಹೆಚ್ಚು ಮಾರಾಟವಾಗಿದೆ. 1989ರಲ್ಲಿ ಇವರದೇ ದುಬಾರಿ ಕಾರು ಲೆಕ್ಸಸ್ ಬಂದ ಕೆಲವೇ ತಿಂಗಳಲ್ಲಿ ಬ್ರೇಕ್ ದೀಪದ್ದೂ ಕ್ರೂಸ್ ಕಂಟ್ರೋಲಿನದೂ ದೂರು ಬಂತು. ಮಾರಿದ ಸುಮಾರು 8,000 ಕಾರುಗಳನ್ನೂ ವಾಪಸ್ ಕರೆಸಿದರು. ಗಿರಾಕಿಗಳ ಮನೆಬಾಗಿಲಿಗೇ ಹೋಗಿ ಕಾರು ಒಯ್ದು, ಸರಿಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ಕೊಟ್ಟರು. ಲೆಕ್ಸಸ್ ಹೆಸರು ನಿಂತದ್ದೇ ಆ ದೂರಿನ ಮೇಲೆ.

ಇದೇ ಟೊಯೋಟಾ ತನ್ನ ಪಾಠ ತಾನೇ ಮರೆತಾಗ ಬೆಲೆ ತೆತ್ತಿತು. 2008ರಲ್ಲಿ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್‌ನ ಆಕ್ಸಿಲರೇಟರ್ ಪೆಡಲ್ ಮ್ಯಾಟಿಗೆ ಸಿಕ್ಕಿಕೊಂಡು ನಾಲ್ವರು ಸತ್ತರು. ಲಕ್ಷಗಟ್ಟಲೆ ಕಾರು ವಾಪಸ್ ಕರೆಸಬೇಕಾಯಿತು. 2010ರ ಫೆಬ್ರುವರಿಯಲ್ಲಿ ಕಿಚಿರೋ ಅವರ ಮೊಮ್ಮಗ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ನಾವು ಬೆಳೆದ ವೇಗ ಅತಿಯಾಯಿತೇನೋ ಎಂದು ಒಪ್ಪಿಕೊಂಡರು. ಸುರಕ್ಷತೆಯ ವಿಷಯದಲ್ಲಿ ಜನರನ್ನು ದಾರಿತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿದರು. 2023ರ ಕೊನೆಯಲ್ಲಿ ಅವರದೇ ಅಂಗಸಂಸ್ಥೆ ದೈಹತ್ಸು ವರ್ಷಗಟ್ಟಲೆ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡಿದ್ದು ಹೊರಬಿತ್ತು. ತನಿಖೆ ಮಾಡಿದವರು ತೋರಿಸಿದ ಕಾರಣ ವಿಪರೀತ ಅವಸರದ ವೇಳಾಪಟ್ಟಿ. ಎಳೆ ಹರಿದಿತ್ತು, ಮಗ್ಗ ಓಡುತ್ತಲೇ ಇತ್ತು.

ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯ ಮಾತಿಗೆ ಎರಡು ನಿಮಿಷ ಸಾಲದು. ಆದರೂ ಹೇಳುತ್ತೇನೆ. ಕಿರ್ಲೋಸ್ಕರ್ ಮತ್ತು ಟೊಯೋಟಾ ಸೇರಿ 1997ರಲ್ಲಿ ಕಂಪನಿ ಕಟ್ಟಿದರು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನೋವಾ ಬಂದವು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಕಾರಿಗಿಂತ ಮೊದಲೇ, 1995ರಲ್ಲಿ, ಈ ಎರಡು ಮನೆತನಗಳು ಸೇರಿ ಜಿಗಣಿಯಲ್ಲಿ ಜವಳಿ ಯಂತ್ರದ ಕಂಪನಿ ತೆರೆದಿದ್ದವು. ಕರ್ನಾಟಕಕ್ಕೂ ಅವರು ನೂಲು ಹಿಡಿದೇ ಬಂದರು. ಬಿಡದಿಯಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು ಎನ್ನಲಾರೆ. 2014ರಲ್ಲಿ, 2020ರಲ್ಲಿ ಲಾಕೌಟ್ ಆಗಿದೆ. 2020ರಲ್ಲಿ ಕಾರ್ಮಿಕರು ಹೇಳಿದ ದೂರುಗಳಲ್ಲಿ ಒಂದು ಕೆಲಸದ ಹೊರೆ ಮಿತಿಮೀರಿದೆ ಎಂಬುದು. ಅದೂ ಹಗ್ಗ ಎಳೆದ ಹಾಗೆಯೇ, ಕಿವಿಗೊಟ್ಟು ಕೇಳಬೇಕಾದ ಮಾತು. ಅಲ್ಲಿಯೇ 2007ರಿಂದ ಒಂದು ತಾಂತ್ರಿಕ ತರಬೇತಿ ಸಂಸ್ಥೆ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಹಳ್ಳಿ ಮಕ್ಕಳನ್ನು ತೆಗೆದುಕೊಂಡು ಕಲಿಸುತ್ತಾರೆ. ಓದಿನಲ್ಲಿ ಆಸಕ್ತಿಯಿರುವ ಮಕ್ಕಳ ತಂದೆತಾಯಂದಿರು ವಿಚಾರಿಸಿ ನೋಡಿ.

ಕಾರು ಇರುವವರಿಗೆ ಒಂದು ಮಾತು. ಯಾವ ಕಂಪನಿಯ ಕಾರೇ ಆಗಲಿ, ರೀಕಾಲ್, ಅಂದರೆ ರಿಪೇರಿಗೆ ವಾಪಸ್ ತನ್ನಿ, ಎಂದು ಪತ್ರವೋ ಎಸ್ಸೆಮ್ಮೆಸ್ಸೋ ಬಂದರೆ ನಮ್ಮ ಕಾರು ಕೆಟ್ಟದ್ದು ಎಂದು ಹೌಹಾರಬೇಡಿ. ಅದನ್ನು ಅಳಿಸಿಹಾಕಲೂಬೇಡಿ. ಯಾರೋ ತಪ್ಪು ಕಂಡುಹಿಡಿದು ಹಗ್ಗ ಎಳೆದಿದ್ದಾರೆ. ಆ ವಾರವೇ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಚಾಸಿ ನಂಬರ್ ಹೇಳಿದರೆ ನಿಮ್ಮ ಗಾಡಿ ಆ ಪಟ್ಟಿಯಲ್ಲಿದೆಯೇ ಎಂದು ನೋಡಿ ಹೇಳುತ್ತಾರೆ. ಆ ಭಾಗ ಬದಲಾಯಿಸಿದ್ದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ. ಕೇಳಿದರೆ ಕೊಡಬೇಡಿ.

ನಮಸ್ಕಾರ.