ಮೂರು ಪುಟದ ಪೇಪರ್ ಮತ್ತು ಉಲ್ಲೇಖದ ಲೆಕ್ಕ

ಕೇಳುಗರಿಗೆ ನಮಸ್ಕಾರ.

'ವಿಶ್ವದ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು.' ಇಂಥ ಸುದ್ದಿ ಆಗಾಗ ಪತ್ರಿಕೆಯಲ್ಲಿ ಓದುತ್ತೇವೆ, ಅಲ್ವಾ? ಸಂತೋಷದ ವಿಷಯವೇ. ಆದರೆ ಅಳೆದದ್ದು ಏನನ್ನು ಅಂತ ಆ ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಳೆದದ್ದು ಮುಖ್ಯವಾಗಿ ಉಲ್ಲೇಖಗಳನ್ನು. ನೀವು ಬರೆದ ಸಂಶೋಧನಾ ಪೇಪರನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಎಷ್ಟು ಸಲ ಹೆಸರಿಸಿದರು ಅನ್ನುವ ಎಣಿಕೆ ಅದು.

ಈ ಲೆಕ್ಕ ಹೇಗೆ ನಡೆಯುತ್ತದೆ ಅಂತ ನೋಡಲು ಖಗೋಳ ವಿಜ್ಞಾನ ಒಳ್ಳೆಯ ಜಾಗ. ನಾಸಾದ ಹಣದಲ್ಲಿ ನಡೆಯುವ ಎಡಿಎಸ್ ಎಂಬ ಉಗ್ರಾಣ ಇದೆ. ಈ ಕ್ಷೇತ್ರದ ಹೆಚ್ಚುಕಡಿಮೆ ಎಲ್ಲ ಪೇಪರ್‌ಗಳ ವಿವರ ಅಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಚಳ್ಳಕೆರೆಯಲ್ಲಿ ಕೂತು ಮೊಬೈಲಿನಲ್ಲಿ ವಿಜ್ಞಾನಿಯ ಹೆಸರು ಹಾಕಿದರೆ ಸಾಕು, ಪೇಪರ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಪಕ್ಕ ಉಲ್ಲೇಖದ ಸಂಖ್ಯೆಯೂ ಇರುತ್ತದೆ.

ಹೆಚ್ಚು ಚಾಲ್ತಿಯಲ್ಲಿರುವ ಅಳತೆ ಎಚ್-ಇಂಡೆಕ್ಸ್. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ್ದು. ಎಷ್ಟು ಪೇಪರ್‌ಗಳಿಗೆ ಕನಿಷ್ಠ ಅಷ್ಟಷ್ಟೇ ಉಲ್ಲೇಖ ಸಿಕ್ಕಿವೆಯೋ, ಅಂಥ ಅತಿ ದೊಡ್ಡ ಸಂಖ್ಯೆಯೇ ಎಚ್-ಇಂಡೆಕ್ಸ್. ಒಬ್ಬರು ಐದು ಪೇಪರ್ ಬರೆದಿದ್ದಾರೆ ಅನ್ನಿ. ಉಲ್ಲೇಖಗಳು 40, 12, 5, 4, 1. ನಾಲ್ಕು ಪೇಪರ್‌ಗಳಿಗೆ ಕನಿಷ್ಠ ನಾಲ್ಕು ಉಲ್ಲೇಖ ಇವೆ, ಹಾಗಾಗಿ ಅವರ ಎಚ್-ಇಂಡೆಕ್ಸ್ 4. ಈಗ ಮೊದಲ ಪೇಪರಿನ 40 ಹೋಗಿ 4,000 ಆಯಿತು ಅಂದುಕೊಳ್ಳಿ. ಎಚ್-ಇಂಡೆಕ್ಸ್ ಆಗಲೂ ನಾಲ್ಕೇ! ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಈ ಅಳತೆ ಗುರುತಿಸುವುದೇ ಇಲ್ಲ.

ಇನ್ನೂ ತೊಡಕುಗಳಿವೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದದ್ದನ್ನು ವರದಿ ಮಾಡಿದ ಒಂದು ಪೇಪರಿಗೆ 3,000ಕ್ಕೂ ಜಾಸ್ತಿ ಲೇಖಕರು. ಅದಕ್ಕೆ ಸಿಗುವ ಪ್ರತಿ ಉಲ್ಲೇಖವೂ ಅಷ್ಟೂ ಜನರ ಖಾತೆಗೆ ಜಮಾ. ಕೆಲವು ಕಡೆ ಕೊಡು-ಕೊಳ್ಳುವ ವ್ಯವಹಾರವೂ ಉಂಟು. ನೀನು ನನ್ನದು ಹಾಕು, ನಾನು ನಿನ್ನದು ಹಾಕುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಸುವ ಹಾಗೆ. ಮುಯ್ಯಿಯಲ್ಲಾದರೂ ಹೆಣ್ಣು-ಗಂಡಿಗೆ ಒಂದಿಷ್ಟು ಉಪಕಾರವಾಗುತ್ತದೆ.

ಈ ಎಣಿಕೆ ಎಷ್ಟು ನಿಧಾನ ಅನ್ನುವುದಕ್ಕೆ ನಮ್ಮವರದೇ ಒಂದು ಉದಾಹರಣೆ ಇದೆ. ಸಿ.ವಿ. ವಿಶ್ವೇಶ್ವರ. ಬೆಂಗಳೂರಿನವರು, 1938ರಲ್ಲಿ ಹುಟ್ಟಿದವರು. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಸಾಹಿತಿ. 1947ರಲ್ಲಿ ಇಲ್ಲೇ ಹತ್ತಿರದ ಹರಪನಹಳ್ಳಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಅವರೇ.

ಮಗ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಪ್ಪುಕುಳಿಗಳ ಮೇಲೆ, ಅಂದರೆ ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಸೆಳೆತವಿರುವ ಕಾಯಗಳ ಮೇಲೆ, ಸಂಶೋಧನೆ ಮಾಡಿದರು. ಕಪ್ಪುಕುಳಿ ನಿಜಕ್ಕೂ ಇದೆಯೇ ಅಂತ ಅನೇಕರು ಅನುಮಾನಪಡುತ್ತಿದ್ದ ಕಾಲ ಅದು. ಇವರು ಲೆಕ್ಕದಲ್ಲೇ ಅದರ ಮೇಲೆ ಗುರುತ್ವದ ಅಲೆಗಳನ್ನು, ಅಂದರೆ ದೇಶ-ಕಾಲದಲ್ಲೇ ಏಳುವ ಅಲೆಗಳನ್ನು, ಎಸೆದು ನೋಡಿದರು. ಅಗಲವಾದ ಅಲೆ ಎಸೆದರೆ ವಿಶೇಷವೇನೂ ಆಗಲಿಲ್ಲ. ಅಲೆಯ ಅಗಲವನ್ನು ಕಪ್ಪುಕುಳಿಯ ಗಾತ್ರದಷ್ಟಕ್ಕೆ ಇಳಿಸಿದಾಗ ಕಪ್ಪುಕುಳಿ ತನ್ನದೇ ಲಯದಲ್ಲಿ ಮಿಡಿದು, ಬೇಗನೆ ಸುಮ್ಮನಾಯಿತು. ಆ ಮಿಡಿತ ಎಷ್ಟು ಬೇಗ ಅಡಗುತ್ತದೆ, ಅದರ ಲಯ ಎಂಥದ್ದು ಅನ್ನುವುದು ಕಪ್ಪುಕುಳಿಯ ತೂಕ ಮತ್ತು ತಿರುಗುವಿಕೆಯನ್ನು ಅವಲಂಬಿಸಿರುತ್ತದೆ. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಬರೇ ಮೂರು ಪುಟ.

ಆ ಮಿಡಿತವನ್ನು ಅಳೆಯುವ ಯಂತ್ರ ಆಗ ಇರಲಿಲ್ಲ. ಕೊನೆಗೆ 2015ರ ಸೆಪ್ಟೆಂಬರ್ 14ರಂದು, ಗುರುತ್ವದ ಅಲೆ ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೋ ಉಪಕರಣಗಳು, 130 ಕೋಟಿ ಬೆಳಕಿನ ವರ್ಷ ದೂರದಲ್ಲಿ ಒಂದಾದ ಎರಡು ಕಪ್ಪುಕುಳಿಗಳ ಅಲೆಯನ್ನು ಹಿಡಿದವು. ಆ ಅಲೆಯ ಬಾಲದಲ್ಲಿ ವಿಶ್ವೇಶ್ವರ ಲೆಕ್ಕ ಹಾಕಿದ್ದಂಥದ್ದೇ ಅಡಗುವ ಮಿಡಿತ! 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. ಆ ಸುದ್ದಿ ಕೇಳಲು ವಿಶ್ವೇಶ್ವರ ಇದ್ದರು; 2017ರ ಜನವರಿಯಲ್ಲಿ ತೀರಿಕೊಂಡರು. ಪೇಪರು ಅಚ್ಚಾಗಿ ಐದು ವರ್ಷಕ್ಕೆ, 1975ರಲ್ಲಿ, ಯಾವುದಾದರೂ ಆಯ್ಕೆ ಸಮಿತಿ ಉಲ್ಲೇಖ ಎಣಿಸಿ ಅವರನ್ನು ತೂಗಿದ್ದರೆ ಈ ಕಥೆಯ ಅರ್ಧವೂ ಅದಕ್ಕೆ ಕಾಣುತ್ತಿರಲಿಲ್ಲ.

ಇನ್ನೊಂದು ಮಾತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು ಇವರೇ. ನಮ್ಮ ಊರುಗಳಿಂದ ಶಾಲಾ ಪ್ರವಾಸದ ಬಸ್ಸಿನಲ್ಲಿ ಹೋಗಿ, ಕತ್ತೆತ್ತಿ ಅಲ್ಲಿನ ಗುಮ್ಮಟ ನೋಡಿದ ಮಕ್ಕಳೆಷ್ಟೋ. ಅದನ್ನು ಎಚ್-ಇಂಡೆಕ್ಸಿನ ಯಾವ ಕಾಲಂನಲ್ಲಿ ಬರೆಯೋಣ?

ಹಾಗಂತ ಎಣಿಕೆಯೇ ಬೇಡ ಅನ್ನುವವನು ನಾನಲ್ಲ. ಒಂದು ವಿಷಯದಲ್ಲಿ ಯಾರು ಏನು ಮಾಡಿದ್ದಾರೆ ಅಂತ ಹುಡುಕಲು ಉಲ್ಲೇಖಗಳಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಕೆಲಸಕ್ಕೆ ತೆಗೆದುಕೊಳ್ಳುವಾಗ, ಬಡ್ತಿ ಕೊಡುವಾಗ ಸಮಿತಿಯವರು ಸಂಖ್ಯೆಯ ಜೊತೆ ಅಭ್ಯರ್ಥಿಯ ಎರಡು ಪೇಪರನ್ನಾದರೂ ಓದಬೇಕು. ಓದಲು ಒಂದು ಮಧ್ಯಾಹ್ನ ಬೇಕಾಗುತ್ತದೆ, ನಿಜ.

ಭೌತಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರು ಇವತ್ತೇ ಎಡಿಎಸ್ ತೆರೆಯಿರಿ. ವಿಶ್ವೇಶ್ವರ, 1970 ಅಂತ ಹುಡುಕಿ. ಆ ಪೇಪರನ್ನು ಉಲ್ಲೇಖಿಸಿದ ಪೇಪರ್‌ಗಳ ಪಟ್ಟಿಯನ್ನು ವರ್ಷವಾರು ಜೋಡಿಸಿ, ಹಳೆಯದರಿಂದ ಶುರುಮಾಡಿ ಓದುತ್ತಾ ಬನ್ನಿ.

ನಮಸ್ಕಾರ.