ನಾಲ್ಕು ಸೀಟು, ಎಷ್ಟು ಜನ?

ನಮಸ್ಕಾರ ಕೇಳುಗರೇ.

ಗೆಳೆಯನೊಬ್ಬ ಒಂದು ಸಂಜೆ ಫೋನ್ ಮಾಡಿದ. "ನೀನು ಓಡಿಸೋ ವಿಮಾನದಲ್ಲಿ ನಾಲ್ಕು ಸೀಟಿದೆ ಅಂದಿದ್ದೆ ಅಲ್ವಾ? ನಾನು, ನನ್ನ ಹೆಂಡತಿ, ಅವಳ ತಮ್ಮ. ನೀನೂ ಸೇರಿದರೆ ಸರಿಯಾಗಿ ನಾಲ್ಕು. ಟ್ಯಾಂಕ್ ಫುಲ್ ಮಾಡಿಸಿಬಿಡು, ಹೋಗಿ ಬರೋಣ." ಹೋಗಬೇಕಾದ ಊರು 500 ಕಿಲೋಮೀಟರ್ ದೂರ. ಆಗಲಿ ಅಂದೆ. ಆಮೇಲೆ ಕೇಳಿದೆ, "ನಿನ್ನ ತೂಕ ಎಷ್ಟು?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. "ಯಾಕೆ ಮಾರಾಯ, ಅದೆಲ್ಲ ಯಾಕೆ?"

ಅವನ ತಪ್ಪೇನಿಲ್ಲ. ಕಾರಿನಲ್ಲಿ ಐದು ಸೀಟಿದ್ದರೆ ಐದು ಜನ ಕೂರುತ್ತಾರೆ, ಟ್ಯಾಂಕ್ ತುಂಬಿಸುತ್ತಾರೆ, ಡಿಕ್ಕಿಯಲ್ಲಿ ಸಾಮಾನು ತುರುಕುತ್ತಾರೆ. ಯಾರೂ ಯಾರ ತೂಕವನ್ನೂ ಕೇಳುವುದಿಲ್ಲ. ಸಣ್ಣ ವಿಮಾನದ ಲೆಕ್ಕ ಹಾಗಲ್ಲ. ಅಲ್ಲಿ ನಾಲ್ಕು ಸೀಟು ಅಂದರೆ ನಾಲ್ಕು ಜನ ಕೂರುವಷ್ಟು ಜಾಗ ಇದೆ ಅಂತ, ಅಷ್ಟೇ. ನಾಲ್ವರನ್ನೂ, ತುಂಬಿದ ಟ್ಯಾಂಕನ್ನೂ, ಪೆಟ್ಟಿಗೆಗಳನ್ನೂ ಒಟ್ಟಿಗೆ ಎತ್ತುತ್ತೇನೆ ಅಂತ ವಿಮಾನ ಎಲ್ಲೂ ಮಾತು ಕೊಟ್ಟಿಲ್ಲ.

ಸೆಸ್ನಾ 172 ಅನ್ನುವ ವಿಮಾನವನ್ನೇ ತೆಗೆದುಕೊಳ್ಳಿ. 1955ರಲ್ಲಿ ಮೊದಲು ಹಾರಿದ್ದು. ಇಲ್ಲಿಯವರೆಗೆ 44 ಸಾವಿರಕ್ಕೂ ಜಾಸ್ತಿ ತಯಾರಾಗಿವೆ. ಹಾರಾಟ ಕಲಿತವರಲ್ಲಿ ಬಹಳ ಜನ ಇದರಲ್ಲೇ ಕಲಿತವರು. ನಾನು ಓಡಿಸುವುದು ಇದರ 172ಎಸ್ ಮಾದರಿ. ಅದು ಟೇಕಾಫ್ ಆಗುವಾಗ ಒಟ್ಟು 1,157 ಕಿಲೋ ಮೀರುವಂತಿಲ್ಲ. ಖಾಲಿ ವಿಮಾನವೇ ಸುಮಾರು 765 ಕಿಲೋ ತೂಗುತ್ತದೆ. ಒಂದೊಂದು ವಿಮಾನದ್ದು ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ, ಅದರ ಕಾಗದ ಆಯಾ ವಿಮಾನದಲ್ಲೇ ಇರಬೇಕು. ಉಳಿದದ್ದು 392 ಕಿಲೋ. ಜನ, ಪೆಟ್ರೋಲು, ಲಗೇಜು ಎಲ್ಲ ಇದರಲ್ಲೇ ಆಗಬೇಕು.

ಎರಡೂ ರೆಕ್ಕೆಯ ಟ್ಯಾಂಕ್ ಸೇರಿ ಬಳಸಲು ಸಿಗುವುದು 200 ಲೀಟರ್. ವಿಮಾನದ ಪೆಟ್ರೋಲು ಲೀಟರಿಗೆ 0.72 ಕಿಲೋ. ಅಂದರೆ ಟ್ಯಾಂಕ್ ತುಂಬಿಸಿದರೆ 144 ಕಿಲೋ ಅಲ್ಲೇ ಹೋಯಿತು. ಉಳಿದ 248 ಕಿಲೋವನ್ನು ನಾಲ್ವರಿಗೆ ಹಂಚಿ. ತಲೆಗೆ 62 ಕಿಲೋ. ಅದೂ ಕೈಬೀಸಿಕೊಂಡು ಬಂದರೆ.

ಕೊನೆಗೂ ಗೆಳೆಯ ತೂಕ ಹೇಳಿದ. ಅವನು 86, ಹೆಂಡತಿ 64, ಭಾವಮೈದ 92. ನಾನು 78. ಒಟ್ಟು 320. ಲಗೇಜಿಗೆ 12 ಕಿಲೋ ಅಂತ ಇಟ್ಟುಕೊಂಡೆ. ಪೆಟ್ರೋಲಿಗೆ ಉಳಿದದ್ದು 60 ಕಿಲೋ, ಅಂದರೆ 83 ಲೀಟರ್. ಈ ಎಂಜಿನ್ ಗಂಟೆಗೆ ಸುಮಾರು 34 ಲೀಟರ್ ಕುಡಿಯುತ್ತದೆ. ಇಳಿದ ಮೇಲೂ ಮುಕ್ಕಾಲು ಗಂಟೆಗೆ ಆಗುವಷ್ಟು ಟ್ಯಾಂಕಿನಲ್ಲಿ ಉಳಿದಿರಬೇಕು ಅನ್ನುವುದು ನನ್ನ ಪಟ್ಟು. ಮೇಲೇರುವುದಕ್ಕೆ ಸ್ವಲ್ಪ ಹೆಚ್ಚು ಬೇಕು. ಇಷ್ಟೆಲ್ಲ ಕಳೆದರೆ ಕೈಯಲ್ಲಿ ಒಂದೂವರೆ ಗಂಟೆ. ಈ ವಿಮಾನ ಗಂಟೆಗೆ ಸುಮಾರು 220 ಕಿಲೋಮೀಟರ್ ಹೋಗುತ್ತದೆ. 500 ಕಿಲೋಮೀಟರ್ ಒಂದೇ ಓಟಕ್ಕೆ ಆಗುವ ಮಾತಲ್ಲ. ನಡುವೆ ಒಂದು ಕಡೆ ಇಳಿಯಲೇಬೇಕು.

"ಹಾಗಾದರೆ ಅಷ್ಟು ದೊಡ್ಡ ಟ್ಯಾಂಕ್ ಯಾಕಿಟ್ಟಿದ್ದಾರೆ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಒಬ್ಬರೋ ಇಬ್ಬರೋ ದೂರ ಹೋಗುವಾಗ ಪೂರ್ತಿ ಟ್ಯಾಂಕ್ ಬೇಕು. ನಾಲ್ವರು ಹತ್ತಿರಕ್ಕೆ ಹೋಗುವಾಗ ಸೀಟು ಬೇಕು. ಎರಡೂ ಒಂದೇ ದಿನ ಬೇಕು ಅಂದರೆ ಮಾತ್ರ ಕಷ್ಟ. ತಯಾರಕರಿಗೆ ಇದು ಗೊತ್ತು. ಪೈಪರ್ ಆರ್ಚರ್ ವಿಮಾನದ ಟ್ಯಾಂಕಿನ ಬಾಯಿಯೊಳಗೆ ಇಣುಕಿ ನೋಡಿದರೆ ಲೋಹದ ಒಂದು ಪಟ್ಟಿ ಕೆಳಕ್ಕೆ ಇಳಿಬಿದ್ದಿರುತ್ತದೆ. ಅದರ ತುದಿಯವರೆಗೆ ತುಂಬಿದರೆ ಆ ಟ್ಯಾಂಕಿನಲ್ಲಿ ಸುಮಾರು 64 ಲೀಟರ್. ಟ್ಯಾಂಕ್ ಹಿಡಿಯುವುದು 95. ಜನ ಜಾಸ್ತಿ ಇದ್ದ ದಿನ ಇಲ್ಲಿಗೆ ನಿಲ್ಲಿಸಿ ಅಂತ ಕಾರ್ಖಾನೆಯಿಂದಲೇ ಗುರುತು ಹಾಕಿ ಕಳಿಸಿದ ಹಾಗೆ.

ಒಂದು ತಮಾಷೆ ಹೇಳುತ್ತೇನೆ. ಮಿತಿಗಿಂತ ಜಾಸ್ತಿ ಭಾರ ಹೊತ್ತು ಕಾನೂನು ಪ್ರಕಾರವೇ ಹಾರುವುದೂ ಉಂಟು. ಸಣ್ಣ ವಿಮಾನವನ್ನು ಸಮುದ್ರ ದಾಟಿಸಬೇಕಾದಾಗ ಅಮೆರಿಕದಲ್ಲಿ ವಿಶೇಷ ಪರವಾನಗಿ ಕೊಡುತ್ತಾರೆ. ಆದರೆ ಆ ಹೆಚ್ಚುವರಿ ಭಾರ ಇಂಧನ, ಅದನ್ನಿಡುವ ಟ್ಯಾಂಕು, ದಾರಿ ತೋರಿಸುವ ಉಪಕರಣ ಇಷ್ಟೇ ಆಗಿರಬೇಕು. ಭಾವಮೈದನಿಗೆ ಆ ಪರವಾನಗಿಯಲ್ಲಿ ಜಾಗವಿಲ್ಲ.

ಇನ್ನು ತೂಕ ಕೇಳುವ ವಿಷಯ. ಇದರಷ್ಟು ಮುಜುಗರದ ಕೆಲಸ ಇನ್ನೊಂದಿಲ್ಲ. ಜನ ಹೇಳುವುದು ಮದುವೆ ಹೊತ್ತಿನ ತೂಕ. ಬಟ್ಟೆ, ಬೂಟು, ಜೇಬಿನ ಫೋನು ಲೆಕ್ಕಕ್ಕೇ ಇಲ್ಲ. ದೊಡ್ಡ ವಿಮಾನಗಳಲ್ಲಿ ಸರಾಸರಿ ತೂಕ ಹಿಡಿಯುತ್ತಾರೆ. ನೂರೈವತ್ತು ಜನರಲ್ಲಿ ದಪ್ಪಗಿರುವವರು, ತೆಳ್ಳಗಿರುವವರು ಸರಿಹೋಗುತ್ತಾರೆ. ಹತ್ತೊಂಬತ್ತು ಸೀಟಿಗೇ ಆ ಲೆಕ್ಕ ಕೈಕೊಟ್ಟದ್ದಿದೆ. 2003ರ ಜನವರಿಯಲ್ಲಿ ಅಮೆರಿಕದ ಶಾರ್ಲಟ್‌ನಲ್ಲಿ ಬೀಚ್ 1900 ವಿಮಾನ ಟೇಕಾಫ್ ಆಗುತ್ತಲೇ ಮೂಗೆತ್ತಿ ಬಿತ್ತು. 21 ಜನ ಸತ್ತರು. ಬಾಲದ ನಿಯಂತ್ರಣದ ಕೇಬಲ್ ಸರಿಯಾಗಿ ಜೋಡಿಸಿರಲಿಲ್ಲ. ಜೊತೆಗೆ ಹಿಂಭಾಗದ ಭಾರ ಲೆಕ್ಕಕ್ಕಿಂತ ಜಾಸ್ತಿಯಾಗಿತ್ತು. ಆಮೇಲೆ ಅಲ್ಲಿ ಪ್ರಯಾಣಿಕರ ಸರಾಸರಿ ತೂಕವನ್ನೇ ಏರಿಸಿದರು. ಹತ್ತೊಂಬತ್ತಕ್ಕೇ ಹೀಗಾದರೆ ನಾಲ್ಕಕ್ಕೆ ಎಲ್ಲಿಯ ಸರಾಸರಿ? ಅದಕ್ಕೇ ನಾನು ತಕ್ಕಡಿ ಇಟ್ಟುಕೊಂಡಿದ್ದೇನೆ.

ಎಷ್ಟು ಭಾರ ಅನ್ನುವುದು ಅರ್ಧ ಲೆಕ್ಕ. ಅದು ಎಲ್ಲಿ ಕೂತಿದೆ ಅನ್ನುವುದು ಇನ್ನರ್ಧ. ಎತ್ತಿನ ಗಾಡಿಗೆ ಹಿಂದುಗಡೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ. ಮುಂದುಗಡೆ ಹೇರಿದರೆ ಎತ್ತಿನ ಕತ್ತು ಬಗ್ಗುತ್ತದೆ. ವಿಮಾನವೂ ಹಾಗೇ, ಆದರೆ ಅಲ್ಲಿ ಹಿಡಿದು ಸರಿಮಾಡಲು ನೆಲವಿಲ್ಲ. 172ಎಸ್ ಪೂರ್ತಿ ಭಾರ ಹೊತ್ತಾಗ ಅದರ ಗುರುತ್ವ ಕೇಂದ್ರ, ಪೈಲಟ್‌ಗಳು ಸಿ.ಜಿ. ಅನ್ನುವುದು, ಹಿಂದೆಮುಂದೆ ಸರಿಯಲು ಇರುವ ಜಾಗ ಬರೀ 16 ಸೆಂಟಿಮೀಟರ್. ಒಂದು ಗೇಣೂ ಇಲ್ಲ!

ಎಂಜಿನ್ ಹಿಂದೆ ಒಂದು ಗೋಡೆಯಿದೆ. ಅಳತೆ ಶುರುವಾಗುವುದು ಅಲ್ಲಿಂದ. ಮುಂದಿನ ಸೀಟು ಸುಮಾರು 94 ಸೆಂಟಿಮೀಟರ್ ದೂರ, ಹಿಂದಿನ ಸೀಟು 185, ಲಗೇಜಿನ ಜಾಗ 241. ಪ್ರತಿಯೊಂದು ತೂಕವನ್ನೂ ಅದರ ದೂರದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಸಿ.ಜಿ. ಸಿಗುತ್ತದೆ. ಏಳನೇ ಕ್ಲಾಸಿನ ಗಣಿತ ಸಾಕು. ನಮ್ಮ ನಾಲ್ವರ ಲೆಕ್ಕ 114 ಸೆಂಟಿಮೀಟರಿಗೆ ಬಂತು. 104ರಿಂದ 120ರ ನಡುವೆ ಇದ್ದರೆ ಸರಿ. ಈ ವಿಮಾನದಲ್ಲಿ ಮೊದಲು ಅಡ್ಡ ಬರುವುದು ಒಟ್ಟು ತೂಕ. ಬೇರೆ ಕೆಲವದರಲ್ಲಿ ತೂಕ ಇನ್ನೂ ಬಾಕಿ ಇರುವಾಗಲೇ ಸಮತೋಲನ ಕೈ ತಪ್ಪುತ್ತದೆ.

ಭಾರ ಮುಂದಾದರೆ ಇಳಿಯುವಾಗ ಮೂಗೆತ್ತಲು ಒದ್ದಾಡಬೇಕು, ಮುಂದಿನ ಚಕ್ರಕ್ಕೆ ಪೆಟ್ಟು ಬೀಳಬಹುದು. ಭಾರ ಹಿಂದಾದರೆ ನನಗೆ ನಿಜವಾಗಿ ಭಯ. ಹಿಡಿಕೆ ಬೆಣ್ಣೆಯ ಹಾಗೆ ಹಗುರಾಗುತ್ತದೆ. ಮೂಗು ತಾನಾಗಿ ಮೇಲೇಳಲು ನೋಡುತ್ತದೆ. ವೇಗ ಕಳೆದುಕೊಂಡು ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಬಲ ಹೋಗಿ, ಸುತ್ತಲು ಶುರುವಾದರೆ ಅದರಿಂದ ಹೊರಬರುವುದು ಬಹಳ ಕಷ್ಟ. ಇನ್ನೊಂದು ಸಂಗತಿ: ಬೊನಾಂಜಾದಂತಹ ವಿಮಾನಗಳಲ್ಲಿ ಪೆಟ್ರೋಲು ಇರುವುದು ರೆಕ್ಕೆಯ ಮುಂಚೂಣಿಯಲ್ಲಿ. ಅದು ಖರ್ಚಾದ ಹಾಗೆ ಸಿ.ಜಿ. ಹಿಂದಕ್ಕೆ ಸರಿಯುತ್ತದೆ. ಹೊರಡುವಾಗ ಸರಿ ಇದ್ದದ್ದು ಇಳಿಯುವಾಗ ಸರಿ ಇರದೇ ಹೋಗಬಹುದು. ಲೆಕ್ಕ ಎರಡು ಸಲ ಹಾಕಬೇಕು.

"ಸ್ವಲ್ಪ ಜಾಸ್ತಿಯಾದರೆ ಏನಾಗುತ್ತೆ, ಹಾರುತ್ತೆ ಬಿಡಿ" ಅನ್ನುವವರನ್ನು ನೋಡಿದ್ದೇನೆ. ಹಾರುತ್ತದೆ, ಅದೇ ತೊಂದರೆ. ತಂಪು ಬೆಳಗ್ಗೆ, ಉದ್ದ ರನ್‌ವೇಯಲ್ಲಿ 30 ಕಿಲೋ ಜಾಸ್ತಿಯಾದರೆ ಯಾವ ಕೆಂಪು ದೀಪವೂ ಹೊತ್ತುವುದಿಲ್ಲ. ನಾಳೆ ಬಿಸಿಲಿರುತ್ತದೆ, ಊರು ಎತ್ತರದಲ್ಲಿರುತ್ತದೆ, ರನ್‌ವೇ ಮೋಟಾಗಿರುತ್ತದೆ. ಬಿಸಿ ಗಾಳಿ, ಎತ್ತರದ ಗಾಳಿ ಎರಡೂ ತೆಳು. ತೆಳು ಗಾಳಿಯಲ್ಲಿ ಎಂಜಿನ್ನಿಗೂ ರೆಕ್ಕೆಗೂ ಬಲ ಕಮ್ಮಿ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಒಂದು ಸುಲಭದ ಅಂದಾಜು ಕೊಟ್ಟಿದೆ. ತೂಕ ನೂರಕ್ಕೆ ಹತ್ತು ಏರಿದರೆ ಟೇಕಾಫ್‌ಗೆ ಬೇಕಾದ ದೂರ ನೂರಕ್ಕೆ ಇಪ್ಪತ್ತು ಏರುತ್ತದೆ. ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಹತ್ತು, ಹತ್ತು ಡಿಗ್ರಿ ಸೆಕೆಗೆ ಮತ್ತೆ ನೂರಕ್ಕೆ ಹತ್ತು. ಇವು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 5 ಸಾವಿರ ಅಡಿ ಎತ್ತರದ ಊರಲ್ಲಿ 20 ಡಿಗ್ರಿ ಸೆಕೆ ಏರಿದರೆ ಬೇಕಾದ ದೂರ ಹೆಚ್ಚುಕಮ್ಮಿ ಎರಡು ಪಟ್ಟು.

1996ರ ಏಪ್ರಿಲ್ 11ರಂದು ಅಮೆರಿಕದ ಶಾಯೆನ್ ಊರಿನಲ್ಲಿ ನಾಲ್ಕು ಸೀಟಿನ ಸೆಸ್ನಾ 177 ಒಂದು ಟೇಕಾಫ್ ಆದ ಕೂಡಲೇ ಬಿತ್ತು. ಒಳಗಿದ್ದವರು ಮೂವರೇ. ಏಳು ವರ್ಷದ ಹುಡುಗಿ, ಅವಳ ಅಪ್ಪ, ಹಾರಾಟ ಕಲಿಸುವ ಪೈಲಟ್. ಒಂದು ಸೀಟು ಖಾಲಿ! ಆದರೂ ತೂಕ ಮಿತಿಗಿಂತ 96 ಪೌಂಡ್, ಅಂದರೆ ಸುಮಾರು 44 ಕಿಲೋ ಜಾಸ್ತಿ ಇತ್ತು. ಊರು ಇರುವುದು 6 ಸಾವಿರ ಅಡಿಗೂ ಎತ್ತರದಲ್ಲಿ. ಗುಡುಗು ಮಳೆ ಮೇಲೆ ಬರುತ್ತಿತ್ತು. ಕೆಟ್ಟ ಹವೆಯಲ್ಲಿ ಹೊರಟದ್ದೇ ಮುಖ್ಯ ತಪ್ಪು ಅಂತ ತನಿಖೆ ಹೇಳಿತು. ಆ ಭಾರ, ಆ ಎತ್ತರ ಎರಡೂ ಅದಕ್ಕೆ ಸೇರಿಕೊಂಡಿದ್ದವು. ಮೂವರೂ ಉಳಿಯಲಿಲ್ಲ.

ನಾವು ಹೊರಟ ದಿನ ಬೆಳಕು ಹರಿಯುವಾಗಲೇ ನಾನು ರೆಕ್ಕೆಯ ಹತ್ತಿರ ಏಣಿ ಇಟ್ಟುಕೊಂಡು ನಿಂತಿದ್ದೆ. ಒಳಗಿನ ಪೆಟ್ರೋಲ್ ಮೀಟರಿನ ಮುಳ್ಳನ್ನು ನಾನು ನಂಬುವುದಿಲ್ಲ. ಗೀಟು ಹಾಕಿದ ಪಾರದರ್ಶಕ ಕೊಳವೆಯನ್ನು ಟ್ಯಾಂಕಿನ ತಳದವರೆಗೆ ಇಳಿಸಿ, ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ ಎತ್ತಬೇಕು. ತಿಳಿನೀಲಿ ಪೆಟ್ರೋಲು ಕೊಳವೆಯಲ್ಲೇ ನಿಲ್ಲುತ್ತದೆ. ಎರಡೂ ಕಡೆ ನಲವತ್ತೊಂದು ಲೀಟರಿನ ಆಸುಪಾಸು. ಸರಿ ಇತ್ತು.

ಲಗೇಜು ಸರಿ ಇರಲಿಲ್ಲ. "ಒಂದು ಸಣ್ಣ ಬ್ಯಾಗು ಅಷ್ಟೇ" ಅಂದಿದ್ದ ಭಾವಮೈದನ ಬ್ಯಾಗು ತಕ್ಕಡಿ ಮೇಲೆ 19 ತೋರಿಸಿತು. ಏಳು ಕಿಲೋ ಜಾಸ್ತಿ. ಸಣ್ಣ ವಿಮಾನಕ್ಕೆ ಪೆಟ್ರೋಲು ಹಾಕುವುದು ಸುಲಭ, ವಾಪಸ್ ತೆಗೆಯುವುದು ತಲೆನೋವು. ಹಾಗಾಗಿ ಬ್ಯಾಗಿನ ಜಿಪ್ ಬಿಚ್ಚಿಸಿದೆ. ಮೂರು ಜೊತೆ ಬೂಟು, ಎರಡು ದಪ್ಪ ಪುಸ್ತಕ, ಒಂದು ಇಸ್ತ್ರಿಪೆಟ್ಟಿಗೆ. ಎರಡು ದಿನಕ್ಕೆ! ಸುಮ್ನೆ ಒಂದೊಂದಾಗಿ ತೆಗೆದು ಕಾರಿನಲ್ಲಿಟ್ಟು ಬಂದ. ಮುಖ ಮಾತ್ರ ಊದಿತ್ತು.

ಒಂದು ಗಂಟೆ ಹತ್ತು ನಿಮಿಷ ಹಾರಿ ನಡುದಾರಿಯ ಊರಿನಲ್ಲಿ ಇಳಿದೆವು. ಪೆಟ್ರೋಲು ಹಾಕುವ ಹುಡುಗ ಪೈಪು ಎಳೆದುಕೊಂಡು ಬಂದು, "ಫುಲ್ಲಾ ಸಾರ್?" ಅಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗೆಳೆಯ ಕೂಗಿದ. "ಬೇಡ, ಬೇಡ. ಒಂದೊಂದು ಕಡೆ ಇಪ್ಪತ್ತಮೂರು ಲೀಟರ್ ಸಾಕು."

ನಮಸ್ಕಾರ.